ಆ ಮೈಕ್ ಬಂದ್ ಮಾಡಿದವನು ನಾನು

ಸಂಪಾದಕರಿಗೆ ನಮಸ್ಕಾರ.

ಕಳೆದ ಸೋಮವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ತಾಲ್ಲೂಕಿನಲ್ಲಿ ನಡೆದ ಎರಡು ದಿನದ ವಿಚಾರ ಸಂಕಿರಣದ ವರದಿ ಬಂದಿದೆ. ಅದರ ಕೊನೆಯ ಸಾಲು ಹೀಗಿದೆ: ‘ಗೋಷ್ಠಿಯ ನಂತರ ಸಭಿಕರೊಂದಿಗೆ ಸಂವಾದ ನಡೆಯಿತು.’ ವರದಿಯ ಉಳಿದ ಭಾಗದ ಬಗ್ಗೆ ನನ್ನದೇನೂ ತಕರಾರಿಲ್ಲ. ಫೋಟೋ ಚೆನ್ನಾಗಿ ಬಂದಿದೆ, ಹೆಸರುಗಳೂ ಸರಿಯಾಗಿವೆ. ಆ ಒಂದು ಸಾಲು ಮಾತ್ರ ನಿಜವಲ್ಲ. ನಿಮ್ಮ ವರದಿಗಾರರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪಾಪ, ಅವರಿಗೆ ಅವತ್ತು ಇನ್ನೆರಡು ಕಾರ್ಯಕ್ರಮವಿತ್ತು, ಉದ್ಘಾಟನೆ ಮುಗಿಸಿ, ಉಪ್ಪಿಟ್ಟು ತಿಂದು, ಪ್ರೆಸ್ ನೋಟು ಜೇಬಿಗಿಟ್ಟುಕೊಂಡು ಬೈಕ್ ಹತ್ತಿದರು. ಪ್ರೆಸ್ ನೋಟಿನಲ್ಲಿ ಸಂವಾದ ಮುಂಚೆಯೇ ನಡೆದುಹೋಗಿತ್ತು.

ನಾನು ಸಾಗರದ ಕಡೆಯವನು. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಇಪ್ಪತ್ತೇಳು ವರ್ಷವಾಯಿತು. ಸೋದರಮಾವನ ಕಾಲದಲ್ಲಿ ಎರಡು ಹಾರ್ನು, ಒಂದು ಆಹೂಜಾ ಆಂಪ್ಲಿಫಯರ್, ಒಂದು ಟ್ರಂಕಿನ ತುಂಬ ಗ್ರಾಮಫೋನ್ ತಟ್ಟೆ, ಇಷ್ಟೇ ಆಸ್ತಿ. ಈಗ ಮಿಕ್ಸರ್ ಇದೆ, ಆರು ಬಾಕ್ಸ್ ಇದೆ, ನಾಲ್ಕು ಕಾರ್ಡ್‌ಲೆಸ್ ಇದೆ, ಎಲ್ಲದರ ಮೇಲೂ ಸೊಸೈಟಿ ಸಾಲ ಇದೆ. ನಮ್ಮ ಹೊಟ್ಟೆ ತುಂಬಿಸುವುದು ಗಣಪತಿ ಹಬ್ಬ, ಯಕ್ಷಗಾನ, ಮದುವೆ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ. ವಿಚಾರ ಸಂಕಿರಣಕ್ಕೆ ಬಾಡಿಗೆ ಕಡಿಮೆ, ಅದರಲ್ಲೂ ಚೌಕಾಸಿ. ಆದರೂ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಯಾರೂ ಸೌಂಡ್ ಜಾಸ್ತಿ ಮಾಡು ಎಂದು ಮೈಮೇಲೆ ಬರುವುದಿಲ್ಲ, ಕುಡಿದು ವೈರು ಎಡವುವುದಿಲ್ಲ, ರಾತ್ರಿ ಹತ್ತರ ಮೇಲೆ ಪೊಲೀಸರ ಫೋನೂ ಬರುವುದಿಲ್ಲ. ಮತ್ತೆ, ಹೇಳಿಕೊಳ್ಳಬೇಕು, ನನಗೆ ಕೇಳುವುದಕ್ಕೆ ಇಷ್ಟ.

ಪಿಯುಸಿಯಲ್ಲಿ ಫೇಲಾದವನು ನಾನು. ಕುವೆಂಪು, ಅಂಬೇಡ್ಕರ್, ಲೋಹಿಯಾ, ಬಂಡಾಯ, ದಲಿತ ಚಳವಳಿ, ಸ್ತ್ರೀವಾದ ಎಲ್ಲವನ್ನೂ ಕಲಿತದ್ದು ಮಿಕ್ಸರಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು. ಫುಕೋ ಎಂಬ ಹೆಸರನ್ನು ನೂರಾರು ಸಲ ಕೇಳಿದ್ದೇನೆ, ಅವನು ಯಾವ ಊರಿನವನೆಂದು ಇದುವರೆಗೆ ಒಬ್ಬರೂ ಹೇಳಲಿಲ್ಲ. ಭಾಷಣ ಶುರುವಾಗಿ ಎಷ್ಟು ನಿಮಿಷಕ್ಕೆ ಅನುಭವ ಮಂಟಪ ಬರುತ್ತದೆ ಎಂದು ಗಡಿಯಾರ ನೋಡಿಕೊಳ್ಳುವ ಚಟವೂ ಹತ್ತಿಬಿಟ್ಟಿದೆ. ಗೇಲಿ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಒಳ್ಳೆಯ ಮಾತು ಕೇಳಿದ ರಾತ್ರಿ ವೈರು ಸುತ್ತುತ್ತ ಒಬ್ಬನೇ ಅದನ್ನೇ ಮೆಲುಕು ಹಾಕಿದ್ದೇನೆ. ದೇವಸ್ಥಾನದ ಕಾರ್ಯಕ್ರಮಕ್ಕೆ ಸೆಟ್ ಹಾಕಲು ಹೋದಾಗ ನಮ್ಮ ಹುಡುಗನನ್ನು ಒಳಗೆ ಬಿಡದೆ ವೈರನ್ನು ಕಿಟಕಿಯಿಂದ ಎಳೆಸಿದರು. ಆವತ್ತು ನನಗೆ ಅದು ಏನೆಂದು ಅರ್ಥವಾಯಿತು. ಅದಕ್ಕೆ ಹಿಂದೆ ಅರ್ಥವಾಗುತ್ತಿರಲಿಲ್ಲ, ಅಭ್ಯಾಸವಾಗಿತ್ತು. ಇಂಥ ಸಭೆಗಳು ನನಗೆ ಕೊಟ್ಟದ್ದು ಅದು.

ಅದಕ್ಕೇ ಹೊಟ್ಟೆಯುರಿದು ಬರೆಯುತ್ತಿರುವುದು.

ಕಾರ್ಯಕ್ರಮದ ಹೆಸರಿನಲ್ಲಿ ಸಂಸ್ಕೃತಿ, ಕಲೆ, ಸಾಮಾಜಿಕ ನ್ಯಾಯ ಮೂರೂ ಇದ್ದವು, ನಡುವೆ ಒಂದು ಅಡ್ಡಗೆರೆಯೂ ಇತ್ತು. ನಡೆಸಿದವರ ಹೆಸರು ಹೇಳುವುದಿಲ್ಲ. ಒಳ್ಳೆಯ ಜನ, ಬಾಡಿಗೆ ಬಾಕಿ ಇಟ್ಟುಕೊಂಡವರಲ್ಲ. ವೇದಿಕೆಯ ಹಿಂದೆ ಹದಿನೈದು ಅಡಿಯ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ನಮ್ಮ ಕಡೆಯ ಹಸೆ ಚಿತ್ತಾರ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ದೀವರ ಸಮುದಾಯದ ಹೆಂಗಸರು ಬರೆಯುವ ಚಿತ್ರ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ. ಪುಂಡಿ ನಾರಿನ ಕುಂಚ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಮದುವೆಯಾದರೆ ಗೋಡೆಗೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಗೆ. ಮನುಷ್ಯರೂ ಇರುತ್ತಾರೆ ಅದರಲ್ಲಿ, ತ್ರಿಕೋನಕ್ಕೆ ತ್ರಿಕೋನ ಕೂಡಿಸಿದ ಗೊಂಬೆಗಳು. ಸ್ಕೇಲು ಇಟ್ಟುಕೊಂಡು ಬರೆದಂತೆ ಕಾಣುತ್ತದೆ, ಸ್ಕೇಲು ಇರುವುದಿಲ್ಲ.

ಆ ಫ್ಲೆಕ್ಸಿನಲ್ಲಿದ್ದ ಚಿತ್ತಾರವನ್ನು ಬರೆದ ಅಕ್ಕನನ್ನೇ ಸನ್ಮಾನಕ್ಕೆ ಕರೆದಿದ್ದರು. ಅರವತ್ತು ದಾಟಿದವರು. ಬೆಳಿಗ್ಗೆ ಶಾಲು, ಹಣ್ಣಿನ ಬುಟ್ಟಿ, ಫಲಕ ಕೊಟ್ಟು ಫೋಟೋ ತೆಗೆದು ಕೆಳಗೆ ಕೂರಿಸಿದರು. ನಿಮ್ಮ ಪತ್ರಿಕೆಯಲ್ಲಿ ಬಂದಿರುವುದು ಅದೇ ಫೋಟೋ. ಎರಡು ನಿಮಿಷ ಹತ್ತು ಸೆಕೆಂಡು. ಅವರ ಮುಂದೆ ಮೈಕ್ ಇರಲಿಲ್ಲ. ನಿರೂಪಕರು ಅವರ ಬಗ್ಗೆ ಓದಿದರು, ಅವರು ಕೈಮುಗಿದರು.

ಅದಕ್ಕೂ ಮುಂಚೆ ಡೊಳ್ಳಿನವರು ಗೇಟಿನಿಂದ ವೇದಿಕೆವರೆಗೆ ಅತಿಥಿಗಳನ್ನು ಕರೆತಂದಿದ್ದರು. ಅವರು ಆಮೇಲೆ ಹೊರಗೆ ಹಲಸಿನ ಮರದ ಕೆಳಗೆ ಕೂತು ಟೆಂಪೋಕ್ಕೆ ಕಾಯುತ್ತಿದ್ದರು. ನಾನು ಜನರೇಟರ್ ನೋಡಲು ಹೋದಾಗ ಅವರಲ್ಲಿ ಹಿರಿಯರೊಬ್ಬರು, ‘ಒಳಗೆ ಮಾಸಾಶನದ ಬಗ್ಗೆ ಯಾರಾದ್ರೂ ಮಾತಾಡ್ತಾರೇನೋ ಮಾರಾಯ, ಅರ್ಜಿ ಹಾಕಿ ಬಾಳ ದಿನ ಆತು’ ಎಂದರು. ಒಳಗೆ ಅದೇ ಹೊತ್ತಿಗೆ ಜನಪದ ಕಲಾವಿದರ ಅಸ್ಮಿತೆಯ ಬಗ್ಗೆ ಪ್ರಬಂಧ ಓದುತ್ತಿದ್ದರು. ಕಿಟಕಿ ತೆರೆದೇ ಇತ್ತು. ನಾನು ಏನು ಹೇಳಲಿ? ‘ಮಾತಾಡ್ತಿದಾರೆ’ ಎಂದೆ. ಅವರು ಒಂದು ಗಳಿಗೆ ಕಿವಿಗೊಟ್ಟರು, ಆಮೇಲೆ ಡೊಳ್ಳಿನ ಹಗ್ಗ ಸರಿಮಾಡತೊಡಗಿದರು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಬ್ಯಾಟರಿ ಲೆಕ್ಕಕ್ಕೆಂದು ಶುರುಮಾಡಿದ್ದು. ಕಾರ್ಡ್‌ಲೆಸ್ ಮೈಕ್ ಎಷ್ಟು ಹೊತ್ತು ಚಾಲೂ ಇತ್ತು ಎಂದು ಬರೆದಿಟ್ಟರೆ ಯಾವಾಗ ಬ್ಯಾಟರಿ ಬದಲಿಸಬೇಕೆಂದು ಗೊತ್ತಾಗುತ್ತದೆ. ಬರೆಯುತ್ತ ಬರೆಯುತ್ತ ಯಾರು ಎಷ್ಟು ಮಾತಾಡಿದರು ಎಂಬ ಲೆಕ್ಕವೂ ಅದರಲ್ಲಿ ಸೇರಿಹೋಯಿತು. ಆ ಎರಡು ದಿನದ ಪುಟಗಳು ನನ್ನ ಮುಂದಿವೆ. ಆಮಂತ್ರಣದಲ್ಲಿ ಹತ್ತು ಗಂಟೆ, ಶುರುವಾದದ್ದು ಹನ್ನೊಂದು ಹತ್ತಕ್ಕೆ. ಉದ್ಘಾಟಕರಿಗೆ ಇಪ್ಪತ್ತು ನಿಮಿಷವಿತ್ತು, ತೆಗೆದುಕೊಂಡದ್ದು ನಲವತ್ತೆಂಟು. ಎರಡನೇ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ ಮೂವರಿಗೆ ಹದಿನೈದು ಹದಿನೈದು ನಿಮಿಷ. ಒಬ್ಬರು ಮೂವತ್ತೊಂದು, ಇನ್ನೊಬ್ಬರು ಇಪ್ಪತ್ತೇಳು, ಮೂರನೆಯವರು ಮೂವತ್ತಾರು. ಮೂರನೆಯವರು ‘ಸಮಯದ ಅಭಾವದಿಂದ ನನ್ನ ಮಾತನ್ನು ಮೊಟಕುಗೊಳಿಸುತ್ತೇನೆ’ ಎಂದ ಮೇಲೆಯೂ ಹದಿನಾಲ್ಕು ನಿಮಿಷ ಮಾತಾಡಿದರು, ಅದನ್ನು ಬೇರೆಯಾಗಿಯೇ ಬರೆದುಕೊಂಡಿದ್ದೇನೆ. ಸಂವಾದಕ್ಕೆ ಅಚ್ಚಾದದ್ದು ಮೂವತ್ತು ನಿಮಿಷ. ಸಿಕ್ಕಿದ್ದು ಒಂಬತ್ತು.

ಆ ಒಂಬತ್ತರಲ್ಲಿ ಏಳು ನಿಮಿಷ ಇಬ್ಬರದು. ಇಬ್ಬರೂ ಮುಂದಿನ ಸಾಲಿನವರು, ಇಬ್ಬರೂ ನಿವೃತ್ತ ಅಧ್ಯಾಪಕರು, ಇಬ್ಬರದ್ದೂ ಪ್ರಶ್ನೆಯಲ್ಲ. ‘ನನ್ನದು ಪ್ರಶ್ನೆಯಲ್ಲ, ಒಂದು ಪ್ರತಿಕ್ರಿಯೆ’ ಎಂದು ಶುರುವಾದರೆ ನಾನು ಪಕ್ಕದ ಹುಡುಗನಿಗೆ ಚಹಾ ತರಲು ಹೇಳುತ್ತೇನೆ, ಅಷ್ಟು ಅನುಭವವಿದೆ.

ಆಗ ಆ ಅಕ್ಕ ಎದ್ದು ನಿಂತರು. ಹಿಂದಿನಿಂದ ಎರಡನೇ ಸಾಲು. ಶಾಲನ್ನು ಮಡಚಿ ಚೀಲದಲ್ಲಿಟ್ಟಿದ್ದರು. ಕಾರ್ಡ್‌ಲೆಸ್ ಹಿಡಿದ ಸ್ವಯಂಸೇವಕ ಹುಡುಗ ಮೊದಲು ಅವರನ್ನು ನೋಡಲಿಲ್ಲ, ಆಮೇಲೆ ನೋಡಿ ವೇದಿಕೆಯ ಕಡೆ ನೋಡಿದ, ಆಮೇಲೆ ಹೋಗಿ ಕೊಟ್ಟ. ಅವರು ಮೈಕನ್ನು ಎರಡೂ ಕೈಯಲ್ಲಿ, ತುಂಬಿದ ಚೊಂಬು ಹಿಡಿದ ಹಾಗೆ ಹಿಡಿದುಕೊಂಡರು. ‘ಎಲ್ಲಾರಿಗೂ ನಮಸ್ಕಾರ. ನಿಮ್ಮ ಹಿಂದ್ಗಡೆ ಇರೋ ಅದು...’ ಎಂದು ವೇದಿಕೆಯ ಕಡೆ ಕೈ ಮಾಡಿದರು.

ಅಷ್ಟು ಹೊತ್ತಿಗೆ ಹೊರಗೆ ಸಮಾರೋಪದ ಅತಿಥಿಗಳ ಕಾರು ಬಂತು. ವೇದಿಕೆಯ ಪಕ್ಕ ನಿಂತಿದ್ದ ಸಂಘಟಕರು ನನ್ನ ಕಡೆ ತಿರುಗಿ ಕತ್ತಿನ ಮಟ್ಟದಲ್ಲಿ ಕೈಯನ್ನು ಅಡ್ಡ ಆಡಿಸಿದರು. ಇಪ್ಪತ್ತೇಳು ವರ್ಷದಲ್ಲಿ ಆ ಸನ್ನೆಯನ್ನು ಎಷ್ಟು ಸಲ ನೋಡಿದ್ದೇನೋ. ಬೆರಳು ತಾನಾಗಿ ಹೋಯಿತು. ಮೂರನೇ ಚಾನೆಲ್ ಕೆಳಗೆ. ನಿರೂಪಕರ ಚಾನೆಲ್ ಮೇಲೆ. ‘ಸಮಯದ ಮಿತಿಯಿಂದ ಸಂವಾದವನ್ನು ಇಲ್ಲಿಗೆ ಮುಗಿಸುತ್ತ...’

ಅವರು ಒಂದಷ್ಟು ಹೊತ್ತು ಮಾತಾಡುತ್ತಲೇ ಇದ್ದರು. ತುಟಿ ಆಡುತ್ತಿತ್ತು. ಆಮೇಲೆ ಮೈಕಿನ ತಲೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಊದಿ ನೋಡಿದರು. ಹುಡುಗನ ಕೈಗೆ ಹುಷಾರಾಗಿ ವಾಪಸು ಕೊಟ್ಟು ಕೂತರು.

ಇದು ನೀವು ಬರೆದ ‘ಸಂವಾದ ನಡೆಯಿತು’.

ನಮ್ಮ ಪಕ್ಕದಲ್ಲೇ ಕಾಗೋಡು ಇದೆ. 1951ರಲ್ಲಿ ಅಲ್ಲಿ ನಡೆದ ರೈತ ಸತ್ಯಾಗ್ರಹದ ಹೆಸರು ಎತ್ತದೆ ನಮ್ಮ ಜಿಲ್ಲೆಯಲ್ಲಿ ಸಾಮಾಜಿಕ ನ್ಯಾಯದ ಭಾಷಣ ಮುಗಿಯುವುದಿಲ್ಲ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಮುಂದೆ ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಬಂದದ್ದು, ಇದನ್ನೆಲ್ಲ ನಾನೇ ಎಷ್ಟೋ ಸಲ ದೊಡ್ಡ ದನಿ ಮಾಡಿ ಊರಿಗೆ ಕೇಳಿಸಿದ್ದೇನೆ. ನನ್ನ ಅಜ್ಜ ಗೇಣಿ ಮಾಡಿದವನು. ಅವನು ಆ ಕಥೆಯನ್ನು ಬೇರೆ ಕಡೆಯಿಂದ ಹೇಳುತ್ತಿದ್ದ, ಕೊಳಗದ ಕಡೆಯಿಂದ. ಭತ್ತ ಅಳೆಯುವ ಕೊಳಗ ಎಲ್ಲ ಕಡೆ ಒಂದೇ ಅಳತೆಯದ್ದಾಗಿರಲಿಲ್ಲ. ಗೇಣಿ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದು. ಜಗಳ ಶುರುವಾದದ್ದರಲ್ಲಿ ಆ ಕೊಳಗದ ಪಾಲು ದೊಡ್ಡದಿತ್ತು: ಸರಿಯಾದ ಅಳತೆಯ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದರು. ಭೂಮಿ ಕೊಡಿ ಎಂಬ ಮಾತು ಆಮೇಲಿನದು. ನೇಗಿಲು ಹಿಡಿದು ಗದ್ದೆಗಿಳಿದು ಜೈಲಿಗೆ ಹೋದದ್ದೂ ಆಮೇಲಿನದು. ‘ಕೊಡಬೇಕಾದ್ದನ್ನ ಕೊಡಲ್ಲ ಅನ್ಲಿಲ್ಲ ನಾವು. ಅಳತೆ ಒಂದೇ ಇರ್ಲಿ ಅಂದ್ವಿ’ ಎನ್ನುತ್ತಿದ್ದ ಅಜ್ಜ.

ನನ್ನ ನೋಟ್‌ಬುಕ್ ನೋಡಿದಾಗೆಲ್ಲ ನನಗೆ ಅಜ್ಜನ ಕೊಳಗ ನೆನಪಾಗುತ್ತದೆ. ವೇದಿಕೆಯ ಹದಿನೈದು ನಿಮಿಷಕ್ಕೂ ಸಭೆಯ ಹದಿನೈದು ನಿಮಿಷಕ್ಕೂ ಅಳತೆ ಬೇರೆ. ಕಾಗೋಡಿನ ಬಗ್ಗೆಯೇ ಮೂವತ್ತಾರು ನಿಮಿಷ ಮಾತಾಡಿ, ಕಾಗೋಡಿನವರು ಎದ್ದು ನಿಂತರೆ ಸಮಯದ ಅಭಾವ.

ಮೈಕ್ ಯಾರ ಕೈಗೆ ಎಂಬ ಜಗಳ ನಮ್ಮ ಸಾಹಿತ್ಯದಲ್ಲಿ ಹೊಸದಲ್ಲ. ಇದನ್ನು ನಾನು ಓದಿದ್ದಲ್ಲ, ಬಾಕ್ಸಿನಿಂದ ಕೇಳಿಸಿಕೊಂಡದ್ದು. 1979ರಲ್ಲಿ ಧರ್ಮಸ್ಥಳದಲ್ಲಿ 51ನೇ ಸಾಹಿತ್ಯ ಸಮ್ಮೇಳನ, ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ದಲಿತ ಸಾಹಿತ್ಯಕ್ಕೆ ಒಂದು ಪ್ರತ್ಯೇಕ ಗೋಷ್ಠಿ ಕೊಡಿ ಎಂದು ಕೇಳಿದರೆ ಸಮ್ಮೇಳನ ನಡೆಸುವ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಆಮೇಲೆ ಏನೇನಾಯಿತು ಎಂದು ನಿಮಗೆ ಗೊತ್ತು. ಆ ಕಾಲದ ಗಾಳಿಯಲ್ಲಿ ಬರೆಯಲು ಶುರುಮಾಡಿದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನ ನಡೆದಾಗ, ಮುಸ್ಲಿಂ ಬರಹಗಾರರಿಗೆ ಜಾಗವೇ ಇಲ್ಲವಲ್ಲ ಎಂದು ಕೇಳಿದವರು ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಮಾಡಿದರು. ಒಂದು ಕಡೆ ಮೈಕ್ ಸಿಗದಿದ್ದರೆ ಇನ್ನೊಂದು ಮೈಕ್ ಬಾಡಿಗೆಗೆ ತರುವುದು ನಮ್ಮವರ ಪದ್ಧತಿ. ನನ್ನ ದಂಧೆಗೇನೋ ಒಳ್ಳೆಯದೇ. ಆದರೆ ಹೀಗೆ ಬೇರೆ ಮೈಕ್ ತಂದವರ ಸಭೆಗಳಿಗೂ ನಾನು ಸೆಟ್ ಹಾಕಿದ್ದೇನೆ ಸ್ವಾಮಿ. ಅಲ್ಲೂ ಸಂಜೆಯ ಹೊತ್ತಿಗೆ ಅದೇ ಕೈಸನ್ನೆ. ನನಗೆ ಬೇಜಾರಾಗುವುದು ಇಲ್ಲಿ. ವಿರೋಧಿಗಳ ವೇದಿಕೆಯಲ್ಲಿ ಮಾತು ಸಿಗದಿದ್ದರೆ ಅದಕ್ಕೊಂದು ಅರ್ಥವಿದೆ.

ಬೀದಿನಾಟಕದವರಿಂದ ಮಾತ್ರ ನಮಗೆ ಎಂದೂ ಬಾಡಿಗೆ ಸಿಕ್ಕಿಲ್ಲ. ‘ಸಮುದಾಯ’ ಎಂಬ ರಂಗತಂಡದವರು 1975ರಲ್ಲಿ ಶುರುವಾದವರು, ಜಾಥಾ ಮಾಡಿಕೊಂಡು ಊರೂರು ಸುತ್ತಿದವರು. ತಮಟೆ ಬಡಿದರೆ ಜನ ಸೇರುತ್ತಿದ್ದರಂತೆ, ಸುತ್ತ ನಿಂತರೆ ಅದೇ ರಂಗ. ನನ್ನ ಮಾವ ಅವರನ್ನು ಬಯ್ಯುತ್ತಿದ್ದ. ‘ಗಂಟಲು ಹರ್ಕಂಡ್ರೂ ಸರಿ, ನಮಗೆ ನಾಲ್ಕು ಕಾಸು ಕೊಡಲ್ಲ’ ಎಂದು. ಈಗ ಯೋಚಿಸಿದರೆ, ಮೈಕೇ ಇಲ್ಲದ ಕಡೆ ಅದನ್ನು ಬಂದ್ ಮಾಡುವ ನಮ್ಮಂಥವರೂ ಇರುವುದಿಲ್ಲ.

ಹೆಗ್ಗೋಡಿನ ಮಾತು ಬೇರೆ. ಅಲ್ಲಿನ ರಂಗಸಂಸ್ಥೆ ನೀನಾಸಮ್ ನನಗಿಂತ ಹಿರಿದು, 1949ರದ್ದು. ನಾನು ಅಲ್ಲಿಗೆ ಹೋಗುವುದು ನೋಡುವುದಕ್ಕೆ, ಕೂರುವುದಕ್ಕೆ. ಅಡಿಕೆ ತೋಟದ ಮಧ್ಯೆ ಅಂಥದ್ದೊಂದು ನಿಂತಿರುವುದು ಸಾಗರದವರಾದ ನಮಗೆ ಮಾಮೂಲಿನ ಹಾಗೆ ಕಾಣುತ್ತದೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನವರು ಹೇಳಿದ ಮೇಲೆ ನಮಗೂ ಹೌದಲ್ಲ ಅನಿಸಿದ್ದು. ಮೊದಲು ಸಿನಿಮಾ ನೋಡುವುದು ಹೇಗೆಂದು ಹೇಳಿಕೊಡುವ ಶಿಬಿರವಾಗಿದ್ದುದು ಮುಂದೆ ಸಂಸ್ಕೃತಿ ಶಿಬಿರವಾಯಿತು. ಅಲ್ಲಿ ನನಗೆ ಹಿಡಿಸಿದ ಒಂದು ಪದ್ಧತಿಯಿದೆ: ರಾತ್ರಿ ನಾಟಕ ನೋಡುವುದು, ಬೆಳಿಗ್ಗೆ ಅದರ ಬಗ್ಗೆ ಕೂತು ಮಾತಾಡುವುದು. ನಡುವೆ ಒಂದು ರಾತ್ರಿಯ ನಿದ್ದೆ. ಈ ನಿದ್ದೆ ಬಹಳ ಮುಖ್ಯ ಎಂದು ನನ್ನ ಅಂದಾಜು. ನಮ್ಮಂಥವರಿಗೆ ಮಾತು ತಕ್ಷಣ ಹೊರಡುವುದಿಲ್ಲ. ಮೇಷ್ಟ್ರುಗಳಿಗೆ ಹೊರಡುತ್ತದೆ, ಅದು ಅವರ ಕಸುಬು. ಗದ್ದೆ ನೆಟ್ಟಿಯ ಹೆಂಗಸಿಗೆ, ಡೊಳ್ಳಿನವನಿಗೆ, ನನ್ನಂಥ ಮೈಕಿನವನಿಗೆ ‘ಪ್ರಶ್ನೆ ಇದ್ದರೆ ಕೇಳಿ’ ಎಂದ ಕೂಡಲೇ ಪ್ರಶ್ನೆ ಹುಟ್ಟುವುದಿಲ್ಲ. ರಾತ್ರಿ ಕಳೆದು ಮುಂಜಾನೆ ಕೊಟ್ಟಿಗೆಯಲ್ಲಿ ಹುಟ್ಟುತ್ತದೆ.

ಎರಡು ದಿನದ ಸಂಕಿರಣದಲ್ಲಿ ಎರಡನೇ ದಿನದ ಮೊದಲ ಒಂದು ಗಂಟೆಯನ್ನು ಯಾಕೆ ಸಭಿಕರಿಗೆ ಬಿಡಬಾರದು? ದೀಪ, ಸ್ವಾಗತ, ಪ್ರಾಸ್ತಾವಿಕ ಯಾವುದೂ ಬೇಡ. ಕೂತವರು ಹಿಂದಿನ ದಿನ ಕೇಳಿದ್ದರ ಬಗ್ಗೆ ಮಾತಾಡಲಿ, ವೇದಿಕೆಯವರು ಕೆಳಗೆ ಕೂತು ಕೇಳಲಿ. ಇದನ್ನು ನಾನು ಒಬ್ಬ ಸಂಘಟಕರಿಗೆ ಹೇಳಿದೆ. ‘ಜನ ಲೇಟಾಗಿ ಬರ್ತಾರಪ್ಪ, ಆ ಹೊತ್ತಿಗೆ ಯಾರಿರ್ತಾರೆ?’ ಎಂದರು. ಲೇಟಾಗಿ ಬರುವವರು ಯಾರು ಎಂದು ಅವರು ನೋಡಿಲ್ಲ. ಆಮಂತ್ರಣದ ಹತ್ತು ಗಂಟೆಗೆ ಸರಿಯಾಗಿ ಬಂದು ಕೂರುವವರು ಬಸ್ಸಿನಲ್ಲಿ ಬರುವವರು, ಬಸ್ಸು ಅವರಿಗಾಗಿ ನಿಲ್ಲುವುದಿಲ್ಲವಲ್ಲ. ಹನ್ನೊಂದಕ್ಕೆ ಬರುವವರು ಕಾರಿನವರು. ನಾನು ಏಳಕ್ಕೇ ಅಲ್ಲಿರುತ್ತೇನೆ, ಕಣ್ಣಾರೆ ನೋಡುತ್ತೇನೆ.

ಬಸ್ಸಿನ ಮಾತು ಬಂದದ್ದಕ್ಕೆ ಇನ್ನೊಂದು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸನ್ನು ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿರುವ ದಾರಿಯ ಹಳ್ಳಿಗಳಿಂದ ಹೆಂಗಸರು ಸಭೆಗಳಿಗೆ ಹೆಚ್ಚು ಬರುತ್ತಿದ್ದಾರೆ, ಇದು ನನ್ನ ಕಣ್ಣಳತೆ. ಆದರೆ ನಮ್ಮ ಮಲೆನಾಡಿನಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ನಗುತ್ತಾನೆ. ಅದರಲ್ಲೂ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಕಥೆ ಮುಗಿಯಿತು. ತುಮರಿ ಕಡೆಯವರ ಪಾಡು ಇನ್ನೂ ಗೋಳು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಊರನ್ನು ಕಡಿದುಹಾಕಿದ ಮೇಲೆ ಅರವತ್ತು ವರ್ಷ ಅವರು ನೀರು ದಾಟಿಸುವ ಲಾಂಚಿನ ಗಂಟೆ ನೋಡಿಕೊಂಡೇ ಬದುಕಿದವರು. ಮುಳುಗಡೆಯ ನೋವಿನ ಬಗ್ಗೆ ಸಾಗರದಲ್ಲಿ ನಡೆದ ಸಭೆಯೊಂದರಲ್ಲಿ, ಮುಳುಗಡೆಯಾದವರು ಕೊನೆಯ ಲಾಂಚಿಗೆಂದು ನಾಲ್ಕು ಗಂಟೆಗೇ ಎದ್ದುಹೋದದ್ದನ್ನೂ, ನಾಲ್ಕೂವರೆಗೆ ‘ಸಂತ್ರಸ್ತರೊಂದಿಗೆ ಸಂವಾದ’ ಶುರುವಾದದ್ದನ್ನೂ ನೋಡಿದ್ದೇನೆ. ನನ್ನ ಪುಟದಲ್ಲಿ ಆವತ್ತಿನ ಸಂವಾದಕ್ಕೆ ಸೊನ್ನೆ ನಿಮಿಷ ಎಂದಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಲಾಂಚಿನ ಕಾಟ ತಪ್ಪಿತು. ಸಂವಾದ ಮಾತ್ರ ಈಗಲೂ ಕೊನೆಯಲ್ಲೇ ಇದೆ.

ಕಾರ್ಡ್‌ಲೆಸ್ ಬಂದಮೇಲೆ ಎಲ್ಲರಿಗೂ ಮಾತು ಸಿಕ್ಕಿತು ಎಂದು ಒಬ್ಬರು ಭಾಷಣದಲ್ಲಿ ಹೇಳಿದ್ದರು. ತಪ್ಪು. ಕಾರ್ಡ್‌ಲೆಸ್ ಒಬ್ಬ ಹುಡುಗನ ಕೈಯಲ್ಲಿ ಇರುತ್ತದೆ, ಆ ಹುಡುಗ ಯಾರ ಮುಖ ಪರಿಚಯವೋ ಅವರ ಹತ್ತಿರ ಹೋಗುತ್ತಾನೆ. ಅದಕ್ಕಿಂತ ಹಳೆಯ ಕಾಲದ ಸ್ಟ್ಯಾಂಡ್ ಮೈಕೇ ವಾಸಿ. ಸಭೆಯ ನಡುದಾರಿಯಲ್ಲಿ ನಿಲ್ಲಿಸಿಬಿಟ್ಟರೆ ಯಾರು ಬೇಕಾದರೂ ಎದ್ದು ಬರಬಹುದು, ಸಾಲು ನಿಲ್ಲಬಹುದು, ಯಾರ ಮುಖವನ್ನೂ ನೋಡಬೇಕಿಲ್ಲ. ಆದರೆ ಇದನ್ನೂ ಮಾಡಿ ನೋಡಿದೆ. ಒಂದು ಹಳ್ಳಿಯಲ್ಲಿ ಹಾಗೆ ನಿಲ್ಲಿಸಿದರೆ ಮುಂದಿನ ಸಾಲಿನವರೇ ಬಂದರು, ಅವರಿಗೆ ನಡೆಯುವ ದೂರ ಕಡಿಮೆ. ಆಮೇಲೆ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಹಿಂದೆ, ಹೆಂಗಸರು ಕೂತ ಕಡೆ ಇಟ್ಟೆ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಸಂಘಟಕರು ಮುಖ ಕಿವುಚಿದರು. ಕೊನೆಗೆ ಒಬ್ಬ ಅಜ್ಜಿ ಎದ್ದು, ಕುಡಿಯುವ ನೀರಿನ ಟ್ಯಾಂಕ್ ತೊಳೆಯದೆ ಒಂದು ವರ್ಷವಾಯಿತು ಎಂದಳು. ಆವತ್ತಿನ ವಿಷಯ ಜಾನಪದ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವಳ ಹಿಂದೆ ನಾಲ್ವರು ಎದ್ದರು, ಅವರಲ್ಲಿ ಒಬ್ಬಳು ಹಾಡಿದಳು, ಆ ಹಾಡಿನಲ್ಲಿ ಬಾವಿ ಇತ್ತು. ವೇದಿಕೆಯ ಮೇಲಿದ್ದ ಪ್ರಾಧ್ಯಾಪಕರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಅವತ್ತು ನಾನು ಚಹಾ ಮರೆತೆ.

ಇಷ್ಟು ಹೇಳಿ ನನ್ನ ಕಡೆಯಿಂದ ಆಗುವುದನ್ನೂ ಹೇಳಬೇಕು. ಇನ್ನು ಮುಂದೆ ವಿಚಾರ ಸಂಕಿರಣಕ್ಕೆ ನನ್ನ ಸೆಟ್ ಬೇಕಾದರೆ ಸಭಿಕರ ಮೈಕಿಗೆ ಬಾಡಿಗೆ ಇಲ್ಲ. ಆದರೆ ಅದನ್ನು ಎಲ್ಲಿಡುವುದೆಂದು ತೀರ್ಮಾನ ಮಾಡುವವನು ನಾನು, ಸನ್ನೆ ನೋಡಿ ಬಂದ್ ಮಾಡುವುದೂ ಇಲ್ಲ. ಇದಕ್ಕೆ ಒಪ್ಪದವರು ಬೇರೆ ಸೆಟ್ ನೋಡಿಕೊಳ್ಳಬಹುದು, ಸಾಗರದಲ್ಲಿ ಮೈಕ್‌ಸೆಟ್‌ಗೆ ಬರವಿಲ್ಲ. ಮನೆಯಲ್ಲಿ ಹೆಂಡತಿ, ‘ಸಾಲ ತೀರ್ಸಿ ಆಮೇಲೆ ಸಮಾಜ ತಿದ್ದಿ’ ಎಂದಿದ್ದಾಳೆ. ಅವಳ ಮಾತಿನಲ್ಲೂ ಹುರುಳಿದೆ.

ಆವತ್ತು ಸಂಜೆ ಸಮಾರೋಪ ಮುಗಿದು, ಜನ ಚದುರಿ, ನಾನು ವೈರು ಸುತ್ತುತ್ತಿದ್ದೆ. ಆ ಅಕ್ಕ ಬಸ್ಸಿಗೆ ಹೊರಟವರು ನನ್ನ ಹತ್ತಿರ ಬಂದರು.

‘ತಮಾ, ನಿನ್ನ ಮೈಕು ನನ್ನ ಕೈಲಿ ಕೆಟ್ಟೋತೇನೋ?’

ನಾನು ತಲೆ ಎತ್ತಲಿಲ್ಲ. ‘ಇಲ್ಲ ಅಕ್ಕಾ, ಬ್ಯಾಟರಿ ಹೋಗಿತ್ತು’ ಎಂದೆ.

‘ಹಂಗಾರೆ ಸೈ’ ಎಂದರು. ಸಮಾಧಾನವಾದ ಹಾಗೆ ಕಂಡರು. ಹೊರಟವರನ್ನು ನಾನೇ ನಿಲ್ಲಿಸಿ, ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿದೆ. ಅವರು ವೇದಿಕೆಯ ಕಡೆ ತಿರುಗಿ ಫ್ಲೆಕ್ಸ್ ತೋರಿಸಿದರು.

‘ಅದನ್ನ ತಲೆಕೆಳಗೆ ಹಾಕೀರಲ್ಲ ಅಂತ. ಮದುಮಕ್ಳು ಕಾಲು ಮೇಲೆ ಮಾಡ್ಕಂಡು ನಿಂತಾವೆ.’

ನೋಡಿದೆ. ತ್ರಿಕೋನದ ಗೊಂಬೆಗಳು. ಪಟ್ಟಣದ ಫ್ಲೆಕ್ಸ್ ಅಂಗಡಿಯವನಿಗೆ ಯಾವ ಕಡೆ ತಲೆ ಯಾವ ಕಡೆ ಕಾಲು ಎಂದು ಗೊತ್ತಾಗಿಲ್ಲ. ಎರಡು ದಿನ ಅದರ ಕೆಳಗೆ ಕೂತು ಸಂಸ್ಕೃತಿ, ಕಲೆ ಎಂದು ಮಾತಾಡಿದ ಯಾರಿಗೂ ಗೊತ್ತಾಗಿಲ್ಲ. ನನಗೂ ಗೊತ್ತಾಗಿರಲಿಲ್ಲ, ಅದನ್ನು ಕಟ್ಟಲು ಏಣಿ ಹಿಡಿದುಕೊಂಡವನು ನಾನೇ. ನಿಮ್ಮ ಪತ್ರಿಕೆಯ ಫೋಟೋದಲ್ಲೂ ಅದು ಹಾಗೇ ಬಂದಿದೆ, ಪತ್ರಿಕೆಯನ್ನು ತಿರುಗಿಸಿ ಹಿಡಿದು ನೋಡಿ.

ನಿಮ್ಮಲ್ಲಿ ನನ್ನ ವಿನಂತಿ ಎರಡು. ‘ಸಂವಾದ ನಡೆಯಿತು’ ಎಂಬ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಮತ್ತೆ ಈ ಪತ್ರದಲ್ಲಿ ಬೇರೆ ಏನನ್ನು ಕತ್ತರಿಸಿದರೂ ಮುಂದಿನ ಒಂದು ಮಾತನ್ನು ಉಳಿಸಿಕೊಳ್ಳಿ. ಆ ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಾಳಂತೆ, ಅವಳು ಓದಿ ಹೇಳಬಹುದು.

ಅಕ್ಕಾ, ಬ್ಯಾಟರಿ ಹೋಗಿರಲಿಲ್ಲ. ಆವತ್ತು ಬೆಳಿಗ್ಗೆಯೇ ಹೊಸದು ಹಾಕಿದ್ದೆ.

ಇಂತಿ,
ಮೈಕ್‌ಸೆಟ್‌ನವನು
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ